ಬಾಡಿಗೆ ಮಂಜುಗಡ್ಡೆಯ ಆತಿಥೇಯರು

ಮಾನ್ಯ ಸಂಪಾದಕರಲ್ಲಿ ಹಾಗೂ ಓದುಗರಲ್ಲಿ ಮೊದಲಿಗೆ ಕ್ಷಮೆ ಕೋರುತ್ತೇನೆ. ಬಲಗೈಯ ಬೆರಳುಗಳು ಬಿಗಿದುಕೊಂಡಿರುವುದರಿಂದ ನನ್ನ ಅಕ್ಷರಗಳು ಸಾಲು ಬಿಟ್ಟು ಇಳಿಯುತ್ತವೆ. ಅಲ್ಪಪ್ರಾಣ ಮಹಾಪ್ರಾಣಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ಅನುಮಾನ. ಮೈಸೂರಿನ ಸರ್ಕಾರಿ ಕಚೇರಿಯೊಂದರಲ್ಲಿ ನಿವೃತ್ತಿಯವರೆಗೆ ಪತ್ರಗಳ ಕರಡು ಸಿದ್ಧಪಡಿಸಿದ್ದನ್ನು ಬಿಟ್ಟರೆ ನಾನು ಏನನ್ನೂ ಬರೆದವಳಲ್ಲ. ಅಮೆರಿಕದ ಫ್ರೀಮಾಂಟಿನಲ್ಲಿರುವ ಮಗಳ ಮನೆಗೆ ಬಂದ ಮೇಲೆ ಆ ಅಭ್ಯಾಸವೂ ತಪ್ಪಿತು. ಆದಾಗ್ಯೂ, ಕಳೆದ ಚಳಿಗಾಲದಲ್ಲಿ ತೀರಿಕೊಂಡ ನಮ್ಮ ನೆರೆಮನೆಯವರ ಬಗ್ಗೆ ಕನ್ನಡ ಬಳಗದ ಸ್ಮರಣ ಸಂಚಿಕೆಗೆ ಬರೆದುಕೊಡಬೇಕೆಂದು ಬಳಗದ ಯುವಕರೊಬ್ಬರು ಕೋರಿರುವ ಮೇರೆಗೆ ಈ ಕೆಳಗಿನ ವಿವರಗಳನ್ನು ಸಲ್ಲಿಸುತ್ತಿದ್ದೇನೆ. ಹೆಸರು ಹಾಕುವುದು ಬೇಡವೆಂದು ಅವರ ಶ್ರೀಮತಿಯವರು ತಿಳಿಸಿರುವುದರಿಂದ ಹೆಸರನ್ನು ಬರೆದಿರುವುದಿಲ್ಲ.

ಅವರ ಪರಿಚಯ ನನಗಾದದ್ದು ಒಂದು ದೂರಿನ ನಿಮಿತ್ತ. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಪ್ರತಿ ಭಾನುವಾರ ದಪ್ಪನೆಯ ಕೈಗವಸುಗಳು, ಮೊಣಕಾಲಿನ ಕವಚಗಳು, ಹೆಲ್ಮೆಟ್ಟುಗಳು ಸಾಲಾಗಿ ಒಣಗುತ್ತಿದ್ದವು. ಹಳೆಯ ಬೆವರಿನ ವಾಸನೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. "ಅಮ್ಮಾ, ನಾನ್ ಹೇಳಿದ್ರೆ ಜಗಳ ಆಗತ್ತೆ. ನೀನು ದೊಡ್ಡೋಳು, ನೀನೇ ಹೋಗಿ ಹೇಳು" ಎಂದು ಮಗಳು ನನ್ನನ್ನು ಕಳುಹಿಸಿದಳು. ಬಾಗಿಲು ತೆರೆದವರು ಐವತ್ತು ದಾಟಿದ, ಕುಳ್ಳಗೆ ಗಟ್ಟಿಮುಟ್ಟಾಗಿದ್ದ, ಮುಂದಿನ ಹಲ್ಲೊಂದು ಅರ್ಧ ಮುರಿದಿದ್ದ ವ್ಯಕ್ತಿ. ನಾನು ವಿಷಯ ತಿಳಿಸಿದೆ. ಅವರು ಪೂರ್ತಿಯಾಗಿ ಕೇಳಿಸಿಕೊಂಡು ಕೈಮುಗಿದರು.

"ಖರೇ ಐತ್ರಿ ಅಕ್ಕಾರ, ವಾಸನಿ ಭಾಳ ಐತಿ. ಆದ್ರ ಅದು ನನ್ನ ವಾಸನಿ ಅಲ್ಲರಿ. ಊರ ಮಂದೀದು."

ಒಳಗಿನಿಂದ ಅವರ ಶ್ರೀಮತಿಯವರ ಧ್ವನಿ ಕೇಳಿಸಿತು. "ನಿಮ್ಮ ಮನಿಗೆ ಗಾಳಿ ಬೀಸಿದಾಗ ಅಷ್ಟ ಬರ್ತೈತ್ರಿ ಅಕ್ಕಾರ. ನಾ ಇದರಾಗ ಸಂಸಾರ ಮಾಡೇನಿ."

ಅಂದು ಚಹಾ ಕುಡಿಯುತ್ತಾ ತಿಳಿದುಬಂದ ಸಂಗತಿ ಹೀಗಿತ್ತು. ಐಸ್ ಹಾಕಿ ಆಡುವ ಮಕ್ಕಳು ಬೆಳೆದಂತೆಲ್ಲ ಅವರ ಕವಚ, ಬೂಟುಗಳು ಚಿಕ್ಕವಾಗುತ್ತವೆ. ಇವರು ಸ್ಯಾನ್ ಮಟಿಯೋದಿಂದ ಕ್ಯುಪರ್ಟಿನೋವರೆಗೆ ಮನೆಮನೆಗೆ ಹೋಗಿ ಅವನ್ನು ಕೇಳಿ ತಂದು, ತೊಳೆದು, ಒಣಗಿಸಿ, ಹಿಮಾಲಯದ ಮಗ್ಗುಲಲ್ಲಿರುವ ಆಟಗಾರರಿಗೆ, ಅಂದರೆ ನಮ್ಮ ದೇಶದ ತಂಡಕ್ಕೆ, ಕಳುಹಿಸುತ್ತಿದ್ದರು. ನಮ್ಮ ದೇಶಕ್ಕೆ ಅಂಥದೊಂದು ತಂಡವಿದೆ ಎಂಬುದೇ ನನಗೆ ಆ ದಿನದವರೆಗೆ ಗೊತ್ತಿರಲಿಲ್ಲವೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ದೂರನ್ನು ಹಿಂಪಡೆದು ಮನೆಗೆ ಬಂದೆ.

ಅವರು ಹುಬ್ಬಳ್ಳಿಯವರು. ತಂದೆಯವರದು ಲೇತ್ ಯಂತ್ರಗಳ ಸಣ್ಣ ವರ್ಕ್‌ಶಾಪು. ಹುಡುಗರಾಗಿದ್ದಾಗ ರೈಲ್ವೆ ಮೈದಾನದಲ್ಲಿ ಸಾಮಾನ್ಯ ಹಾಕಿ ಆಡಿದವರು. ಇಲ್ಲಿ ಯಂತ್ರಗಳ ವಿನ್ಯಾಸದ ಕೆಲಸದಲ್ಲಿದ್ದರು. ನಲವತ್ತು ದಾಟಿದ ಮೇಲೆ ಆಫೀಸಿನ ಗೆಳೆಯರೊಡನೆ ಒಮ್ಮೆ ಮಂಜುಗಡ್ಡೆಯ ಅಂಗಣಕ್ಕೆ, ಅಂದರೆ ಇಲ್ಲಿಯವರು ರಿಂಕು ಎನ್ನುವ ಸ್ಥಳಕ್ಕೆ, ಹೋಗಿ ಬಿದ್ದು ಹಲ್ಲು ಮುರಿದುಕೊಂಡು ಬಂದರಂತೆ. ಮರುವಾರ ಮತ್ತೆ ಹೋದರಂತೆ. "ಬೀಳೂದು ಕಲಿಲಿಕ್ಕ ಒಂದು ವರ್ಷ ಹಿಡೀತರಿ. ಆಮ್ಯಾಲೆ ನಿಲ್ಲೂದು ಸುಲಭ" ಎನ್ನುತ್ತಿದ್ದರು.

ಒಮ್ಮೆ ನನ್ನನ್ನೂ ಕಾರಿನಲ್ಲಿ ಕೊಲ್ಲಿಯ ಸೇತುವೆ ದಾಟಿಸಿ ಆ ಅಂಗಣಕ್ಕೆ ಕರೆದೊಯ್ದಿದ್ದರು. ನಾನು ಸ್ವೆಟರಿನ ಮೇಲೆ ಶಾಲು ಹೊದ್ದು ಕುಳಿತಿದ್ದೆ. ಅವರು ಅಂಗಣಕ್ಕೆ ಇಳಿಯುವ ಮುನ್ನ ಬಗ್ಗಿ ಮಂಜುಗಡ್ಡೆಯನ್ನು ಮುಟ್ಟಿ ಹಣೆಗೆ ಒತ್ತಿಕೊಂಡರು. ಗರಡಿಮನೆಯ ಮಣ್ಣಿಗೆ ಪೈಲ್ವಾನರು ಮಾಡುವ ನಮಸ್ಕಾರವದು. ಅನಂತರ ಕೋಲಿನ ಹಿಂಬದಿಯಿಂದ ಅಲ್ಲಲ್ಲಿ ಕುಟ್ಟಿ, ತಲೆ ಓರೆ ಮಾಡಿ ಸದ್ದು ಕೇಳಿದರು. ಮಾರುಕಟ್ಟೆಯಲ್ಲಿ ಕಲ್ಲಂಗಡಿ ಆರಿಸುವವರ ಹಾಗೆ. ಯಾರೋ ತಂದೆಯೊಬ್ಬರು ಮಗುವಿನ ಲೇಸು ಕಟ್ಟಲು ಬೂಟುಗಾಲಲ್ಲೇ ಮಂಜುಗಡ್ಡೆಯ ಮೇಲೆ ಹೆಜ್ಜೆ ಇಟ್ಟಾಗ ಓಡಿಹೋಗಿ ತಡೆದರು. ಬೂಟಿನಡಿಯ ಒಂದು ಕಲ್ಲಿನ ಚೂರು ಸಾಕು, ಆಟಗಾರನ ಕಾಲು ಮುರಿಯುತ್ತದೆ ಎಂಬುದು ಅವರ ಕಟ್ಟುನಿಟ್ಟಾದ ನಿಲುವು. ಅಂಗಣದ ಉಸ್ತುವಾರಿ ನೋಡುತ್ತಿದ್ದ ಬಿಳಿಗಡ್ಡದ ಅಮೆರಿಕನ್ ಹಿರಿಯರು ನನ್ನ ಬಳಿ ಬಂದು, "ಇವರಿಗೆ ನಾನು ಸಂಬಳ ಕೊಡುತ್ತಿಲ್ಲ. ಆದರೂ ನನಗಿಂತ ಹೆಚ್ಚು ಬೈಯುತ್ತಾರೆ" ಎಂದು ನಕ್ಕರು.

ಮನೆಯಲ್ಲಿಯೂ ಅದೇ ಸ್ವಭಾವ. ಯಾರೇ ಬಂದರೂ ಕುಳಿತುಕೊಳ್ಳಿ ಎನ್ನುವ ಮೊದಲು "ಬಾಗಲಾ ಹಾಕ್ರಿ, ತಂಪು ಹೊಕ್ಕೈತಿ" ಎನ್ನುವರು. "ರಿಂಕಿನ ಐಸ್ ಕಾಯ್ತಾರ, ಮನ್ಯಾಗಿನ ಫ್ರಿಡ್ಜಿನ ಬಾಗಲಾ ತಗದ ಬಿಟ್ಟಿರ್ತಾರ" ಎಂದು ಶ್ರೀಮತಿಯವರು ಸೇರಿಸುವರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಮ್ಮ ತಂಡದ ಆಟಗಾರರಲ್ಲಿ ಹೆಚ್ಚಿನವರು ಸೈನಿಕರು, ಶಾಲಾ ಶಿಕ್ಷಕರು, ವಿದ್ಯಾರ್ಥಿಗಳು. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಮಾತ್ರ ಅವರಿಗೆ ಆಟ. ಕೆರೆ ವರ್ಷದಿಂದ ವರ್ಷಕ್ಕೆ ತಡವಾಗಿ ಗಟ್ಟಿಯಾಗಿ ಬೇಗ ಕರಗುತ್ತಿತ್ತು. ದೇಶದಲ್ಲಿ ಅವರು ನಂಬಿಕೊಂಡಿದ್ದ ಒಳಾಂಗಣದಲ್ಲಿ ತಂಪು ಮಾಡುವ ಯಂತ್ರ ನಿಂತುಹೋಗಿತ್ತು. ಇದರಿಂದಾಗಿ ತಂಡವು ಕೆಲವು ವರ್ಷಗಳಿಂದ ಹೊರದೇಶದ ಪಂದ್ಯಗಳಿಗೆ ಹೋಗಿರಲಿಲ್ಲ. ಆಟದ ಅಂತರರಾಷ್ಟ್ರೀಯ ಮಂಡಳಿಯಿಂದ ಬಂದ ಸೂಚನೆ ಸ್ಪಷ್ಟವಾಗಿತ್ತು: ಈ ಆಟದಲ್ಲಿ ಸಣ್ಣವೆನಿಸಿದ ದೇಶಗಳ ಮುಂದಿನ ಪಂದ್ಯಾವಳಿಯನ್ನು ನಮ್ಮ ದೇಶ ಆತಿಥೇಯ ರಾಷ್ಟ್ರವಾಗಿ ನಡೆಸಬೇಕು, ಇಲ್ಲವಾದಲ್ಲಿ ತಂಡದ ಹೆಸರು ಶ್ರೇಯಾಂಕದಿಂದ ಹೊರಹೋಗುತ್ತದೆ. ಹೊರಹೋದ ಮೇಲೆ ತರಬೇತುದಾರರ ನೆರವೂ ಇಲ್ಲ, ಆಹ್ವಾನಗಳೂ ಇಲ್ಲ. ಸ್ವದೇಶದಲ್ಲಿ ಮಂಜುಗಡ್ಡೆ ಇಲ್ಲದಿದ್ದಲ್ಲಿ ಬೇರೆ ದೇಶದಲ್ಲಿ ಬಾಡಿಗೆಗೆ ಪಡೆದು ನಡೆಸಬಹುದು, ಆದರೆ ಮಂಡಳಿಯ ಪರಿವೀಕ್ಷಕರು ಬಂದು ಅಂಗಣವನ್ನು ಒಪ್ಪಬೇಕು. ಹೀಗೆ, ಮನೆಯಲ್ಲಿ ಜಾಗವಿಲ್ಲದವರು ಛತ್ರ ಹಿಡಿದು ಮದುವೆ ಮಾಡುವಂತೆ, ನಮ್ಮ ದೇಶದ ಪಂದ್ಯಾವಳಿಯನ್ನು ಇಲ್ಲಿ ನಡೆಸುವ ಜವಾಬ್ದಾರಿಯನ್ನು ಅವರು ತಮ್ಮ ಮೇಲೆ ಹಾಕಿಕೊಂಡರು.

ನೆರವು ಕೋರಲು ಕನ್ನಡ ಬಳಗದ ಸಭೆಗೆ ಬಂದರು. ಅವರಿಗೆ ಮಾತನಾಡಲು ಅವಕಾಶ ದೊರೆತದ್ದು ಊಟದ ಸಾಲು ಶುರುವಾದ ಮೇಲೆ. ಬೆಂಗಳೂರಿನ ಒಬ್ಬ ಎಂಜಿನಿಯರು ತಟ್ಟೆ ಹಿಡಿದುಕೊಂಡೇ ಕೇಳಿದರು: "ಸಾರ್, ಇಂಡಿಯಾಗೆ ಐಸ್ ಹಾಕಿ ಟೀಮಾ? ಐಸ್ ಕ್ಯಾಂಡಿ ಟೀಮ್ ಅಂದಿದ್ರೆ ನಂಬ್ತಿದ್ದೆ."

"ಐತ್ರಿ. ನಿಮಗ ಅವರು ಗೊತ್ತಿಲ್ಲ, ಅವರಿಗೆ ನೀವು ಗೊತ್ತಿಲ್ಲ. ಅಲ್ಲಿಗೆ ಸಮ ಆತು."

"ಗೆಲ್ತಾರಾ ಸಾರ್?"

"ಗೆಲ್ಲೂದು ಆಮ್ಯಾಲಿನ ಮಾತು. ಮೊದಲ ಬರಬೇಕಲ್ರಿ. ಬಂದು ಸೋತ್ರ ಅದನ್ನ ಸೋತರು ಅಂತಾರ. ಬರಲಿಲ್ಲ ಅಂದ್ರ ಏನೂ ಅನ್ನೂದಿಲ್ಲ."

ಆ ಮಾತಿಗೆ ನಗು ಬಂತು, ಆ ಎಂಜಿನಿಯರೂ ನಕ್ಕರು. ಅವರೇ ಮುಂದೆ ಆಟಗಾರರಿಗೆ ತಮ್ಮ ಮನೆಯ ಎರಡು ಕೋಣೆ ಬಿಟ್ಟುಕೊಡಲು ಒಪ್ಪಿದರು ಎಂಬುದನ್ನು ಇಲ್ಲಿ ದಾಖಲಿಸುವುದು ಸೂಕ್ತ.

ಮುಂದಿನ ತಿಂಗಳುಗಳಲ್ಲಿ ಅವರ ಮನೆಯ ಹಜಾರವೇ ಕಚೇರಿಯಾಯಿತು. ಸುತ್ತಲಿನ ಕನ್ನಡ ಸಂಘಗಳಿಗೆ ಮನವಿ ಪತ್ರಗಳ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು "ಘನತೆವೆತ್ತ" ಎಂದು ಬರೆದರೆ ಅವರು ಓದಿ, "ಅಕ್ಕಾರ, ಇಷ್ಟು ಘನತಿ ಇದ್ದವರು ರೊಟ್ಟಿ ಮಾಡಿ ಕೊಡ್ತಾರೇನ್ರಿ?" ಎಂದು ಕೇಳುವರು. ಶ್ರೀಮತಿಯವರು ಯಾವ ದೇಶದವರಿಗೆ ಖಾರ ಆಗಿಬರುವುದಿಲ್ಲ ಎಂಬುದನ್ನೆಲ್ಲ ವಿಚಾರಿಸಿಟ್ಟುಕೊಂಡಿದ್ದರು. ವಾರಕ್ಕೊಮ್ಮೆ ತಂಡದ ನಾಯಕ ವಿಡಿಯೋ ಕರೆಯಲ್ಲಿ ಬರುತ್ತಿದ್ದ. ಅವನು ಶಾಲಾ ಶಿಕ್ಷಕ, ಮಾತು ಕಡಿಮೆ. ಫೋನನ್ನು ತಿರುಗಿಸಿ ಕೆರೆಯನ್ನು ತೋರಿಸುತ್ತಿದ್ದ. ನಡುವೆ ಬೂದುಬಣ್ಣದ ನೀರು, ಅಂಚಿನಲ್ಲಿ ತೆಳ್ಳಗೆ ಬಿಳಿ. "ಈ ವರ್ಷ ಇಲ್ಲಿ ಆಗುವುದಿಲ್ಲ ಸರ್. ಅಲ್ಲಿಗೆ ಬಂದೇ ಆಡುತ್ತೇವೆ" ಎಂದು ಹಿಂದಿಯಲ್ಲಿ ಹೇಳಿದ್ದನ್ನು ನಾನೂ ಕೇಳಿದ್ದೇನೆ. ಇವರು "ಬಾರಪಾ, ನಿನ್ನ ಐಸ್ ಇಲ್ಲಿ ರೆಡಿ ಐತಿ" ಎಂದು ಕನ್ನಡದಲ್ಲಿಯೇ ಉತ್ತರಿಸಿದರು. ಅವನಿಗೆ ಅದು ತಿಳಿಯಿತು.

ಪರಿವೀಕ್ಷಕರು ಬರುವ ದಿನ ಗೊತ್ತಾಯಿತು. ಅವರು ಬೆಳಿಗ್ಗೆ ಬಂದು ಅಂದೇ ಸಂಜೆಯ ವಿಮಾನದಲ್ಲಿ, ಪಂದ್ಯಾವಳಿಗಾಗಿ ಕಾದಿದ್ದ ಇನ್ನೊಂದು ದೇಶಕ್ಕೆ ಹೋಗುವವರಿದ್ದರು. ನಮಗೆ ಎರಡನೆಯ ಅವಕಾಶವಿರಲಿಲ್ಲ.

ಆ ಬೆಳಿಗ್ಗೆ ಬಳಗದಿಂದ ಆರೇಳು ಮಂದಿ ಹೋಗಿದ್ದೆವು. ಒಂದು ದೀಪ ಹಚ್ಚಿ, ತೆಂಗಿನಕಾಯಿ ಒಡೆದರೆ ಸಾಕೆಂಬುದು ನಮ್ಮ ಅಭಿಪ್ರಾಯವಾಗಿತ್ತು. ಆದರೆ ಅವರು ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯಿಂದ ದೊಡ್ಡದೊಂದು ಬೂದುಗುಂಬಳಕಾಯಿ ತಂದಿದ್ದರು. ಮಂಜುಗಡ್ಡೆಯ ಮೇಲ್ಪದರವನ್ನು ಹೆರೆದು, ನೀರು ಬಿಟ್ಟು ನುಣುಪು ಮಾಡುವ ಒಂದು ಗಾಡಿಯಂಥ ಯಂತ್ರವಿರುತ್ತದೆ. ಅದಕ್ಕೆ ಆಯುಧಪೂಜೆ ಆಗಬೇಕೆಂಬುದು ಅವರ ಹಟ.

"ಇಲ್ಲಿ ಅದೆಲ್ಲ ಬ್ಯಾಡ್ರಿ. ಕಾಯಿ ಒಡದು ಮುಗಸ್ರಿ" ಎಂದು ಶ್ರೀಮತಿಯವರು ಹೇಳಿದರು.

"ಕಾಯಿ ಮನಶ್ಯಾರಿಗೆ. ಯಂತ್ರಕ್ಕ ಕುಂಬಳಕಾಯಿನ ಆಗಬೇಕು. ನಮ್ಮಪ್ಪ ಪೂಜಿ ಇಲ್ಲದ ಒಂದು ಲೇತ್ ಸುದ್ದಾ ಚಾಲೂ ಮಾಡಿದಾವಲ್ಲ."

ಉಸ್ತುವಾರಿಯ ಹಿರಿಯರು ಕುಂಬಳಕಾಯಿಯನ್ನು ನೋಡಿ ಗಡ್ಡ ತುರಿಸಿಕೊಂಡು, "ಮಂಜುಗಡ್ಡೆಯ ಮೇಲೆ ಮಾತ್ರ ಬೇಡ" ಎಂದರು. ಯಂತ್ರ ನಿಲ್ಲುವ ಸಿಮೆಂಟು ನೆಲದಲ್ಲಿ, ಅಂಗಣದ ಗೇಟಿಗೆ ಸ್ವಲ್ಪ ದೂರದಲ್ಲಿ ಪೂಜೆಗೆ ಅಣಿಯಾಯಿತು. ಅವರು ಕಾಯಿಯ ತೊಟ್ಟಿನ ಬಳಿ ಚೌಕವಾಗಿ ಕೊರೆದು ಕುಂಕುಮ, ಸುಣ್ಣ ತುಂಬಿದರು. ಆಮೇಲೆ, ಹುಬ್ಬಳ್ಳಿಯಲ್ಲಿ ಪ್ರತಿ ವರ್ಷ ಮಾಡಿದ್ದನ್ನೇ ಮಾಡುವವರಂತೆ, ಜೇಬಿಗೆ ಕೈಹಾಕಿ, ಊರಿನ ನಾಣ್ಯಗಳೂ ಬೆರೆತಿದ್ದ ಒಂದು ಹಿಡಿ ಚಿಲ್ಲರೆ ಒಳಗೆ ಹಾಕಿದರು. ಮೇಲೆ ಕರ್ಪೂರ ಹಚ್ಚಿ ಯಂತ್ರಕ್ಕೆ ನಿವಾಳಿಸಿ, ಅದರ ಮುಂದೆ ಕಾಯಿಯನ್ನು ಎತ್ತಿ ಕುಕ್ಕಿದರು. ಚಕ್ರದಡಿ ನಿಂಬೆಹಣ್ಣು ಇಟ್ಟರು. ನಾವು ಚಪ್ಪಾಳೆ ತಟ್ಟಿದೆವು. ಉಸ್ತುವಾರಿಯವರು ಹಣೆಗೆ ಕುಂಕುಮ ಇಡಿಸಿಕೊಂಡರು.

ನೆಲವನ್ನು ಅವರೇ ತೊಳೆದರು. ಬೀಜಗಳನ್ನೂ ನಾಣ್ಯಗಳನ್ನೂ ಬಗ್ಗಿ ಬಗ್ಗಿ ಹೆಕ್ಕಿದರು. ಆದರೆ ಎಷ್ಟು ಹಾಕಿದ್ದರೆಂದು ಅವರಿಗೇ ತಿಳಿಯದು. ಯಂತ್ರ ನಿಂಬೆಹಣ್ಣನ್ನು ಜಜ್ಜಿ ಗೇಟಿನೊಳಗೆ ಹೋಯಿತು. ಅದರ ಚಕ್ರಗಳು ಜಾರದಂತೆ ಮೊಳೆಮೊಳೆಯಾಗಿರುತ್ತವೆ. ಆ ಮೊಳೆಗಳ ನಡುವೆ, ಕುಂಬಳದ ತಿರುಳಿಗೆ ಅಂಟಿಕೊಂಡು, ಒಂದು ದಪ್ಪ ಐದು ರೂಪಾಯಿಯ ನಾಣ್ಯ ಸೇರಿಕೊಂಡಿತ್ತು.

ಮೊದಲ ಸುತ್ತಿನ ಕೊನೆಗೆ ಒಂದು ಕರ್ಕಶ ಸದ್ದು ಕೇಳಿಸಿತು. ನಾಣ್ಯವು ಮುಂದಿನ ಚಕ್ರದಿಂದ ಬಿದ್ದು ಹಿಂದಿನ ಹೆರೆಯುವ ಅಲಗಿಗೆ ಸಿಕ್ಕಿತ್ತು. ಅಲಗಿನ ಬಾಯಿಯಿಂದ ಒಂದು ಚಕ್ಕೆ ಹಾರಿತು. ಯಂತ್ರ ನಿಲ್ಲುವಷ್ಟರಲ್ಲಿ ಅದು ನಡೆದ ದಾರಿಯುದ್ದಕ್ಕೂ ಗೆರೆಯಂಥ ಉಬ್ಬು, ಒಂದು ಸಣ್ಣ ಏಣು, ಎದ್ದಿತ್ತು; ಚಕ್ರಗಳ ಕುಂಕುಮ ಅಗಲಕ್ಕೆ ಕದಡಿ ಮಂಜುಗಡ್ಡೆ ನಸುಗೆಂಪಾಗಿತ್ತು. ಬದಲಿ ಅಲಗನ್ನು ಸಾಣೆಗೆ ಕಳುಹಿಸಲಾಗಿತ್ತು. ನಾವೆಲ್ಲರೂ ಸಿಕ್ಕಿದ್ದನ್ನು ಹಿಡಿದು ಹೆರೆಯತೊಡಗಿದೆವು. ಅವರು ಯಾರಿಗೂ ಬೂಟಿನಲ್ಲಿ ಬರಬೇಡಿ ಎನ್ನಲಿಲ್ಲ. ಮೊಣಕಾಲೂರಿ, ಬರಿಗೈಯಿಂದ ಕೆಂಪನ್ನು ಉಜ್ಜುತ್ತಿದ್ದರು.

ಪರಿವೀಕ್ಷಕರು ಉತ್ತರ ಯುರೋಪಿನ ಎತ್ತರದ ಹೆಂಗಸು. ತಮ್ಮದೇ ಸ್ಕೇಟು ತಂದಿದ್ದರು. ಇಡೀ ಅಂಗಣವನ್ನು ನಿಧಾನವಾಗಿ ಸುತ್ತಿ, ಏಣಿನ ಬಳಿ ನಿಂತು, ಗವಸು ತೆಗೆದು ಬೆರಳಾಡಿಸಿದರು. ಅನಂತರ ಈ ಮಂಜುಗಡ್ಡೆಯ ಹೊಣೆ ಯಾರದೆಂದು ಕೇಳಿದರು. ಉಸ್ತುವಾರಿಯ ಹಿರಿಯರು, "ಯಂತ್ರ ನನ್ನದು, ಹೊಣೆಯೂ ನನ್ನದು" ಎಂದು ಮುಂದೆ ಬಂದರು. ಇವರು ಅವರ ತೋಳು ಹಿಡಿದು ಹಿಂದೆ ಸರಿಸಿದರು.

"ಅಲ್ಲ. ನಾನು. ಇದು ನಮ್ಮ ಪೂಜೆಯ ನಾಣ್ಯ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಆಕೆ ನಾಣ್ಯವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ ಮರಳಿ ಕೊಟ್ಟರು. ಸಿಟ್ಟಾಗಲಿಲ್ಲ. "ನನಗೆ ನಿಜವಾಗಿಯೂ ಬೇಸರವಾಗಿದೆ. ಮಂಜುಗಡ್ಡೆಯನ್ನು ಮತ್ತೆ ಕಟ್ಟಬಹುದು. ಆದರೆ ಅಂಗಣದೊಳಗೆ ಏನು ಹೋಗುತ್ತಿದೆ ಎಂಬುದು ಆತಿಥೇಯರಿಗೆ ಗೊತ್ತಿರಬೇಕು. ನಾನು ಕಂಡದ್ದನ್ನು ಬರೆಯಲೇಬೇಕು" ಎಂದರು. ಶ್ರೀಮತಿಯವರು ತಂದಿದ್ದ ಉಪ್ಪಿಟ್ಟನ್ನು ಆಕೆ ನಿಂತುಕೊಂಡೇ ತಿಂದು, ಚೆನ್ನಾಗಿದೆ ಎಂದು ಹೇಳಿ ಹೊರಟರು. ಮರುವಾರ ಪಂದ್ಯಾವಳಿಯನ್ನು ಆ ಇನ್ನೊಂದು ದೇಶಕ್ಕೆ ವಹಿಸಲಾಗಿದೆಯೆಂಬ ಪತ್ರ ಬಂತು. ಅದರಲ್ಲಿ ಒಂದೂ ಕಟುವಾದ ಪದವಿರಲಿಲ್ಲ. ಅಂಥ ಪತ್ರಗಳನ್ನು ನಾನೂ ಬರೆದಿದ್ದೆನಾದ್ದರಿಂದ, ಅದಕ್ಕೆ ಮೇಲ್ಮನವಿಯಿಲ್ಲವೆಂದು ನನಗೆ ಮೊದಲ ಸಾಲಿನಲ್ಲಿಯೇ ತಿಳಿಯಿತು.

ನಾಯಕನಿಗೆ ಅವರೇ ಹೇಳಿದರು. ಪೂಜೆ, ನಾಣ್ಯ, ಏಣು, ಯಾವುದನ್ನೂ ಮುಚ್ಚಿಡಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಅವನು ಅಂದದ್ದು ಇಷ್ಟೇ: "ಸರ್, ತಾವು ಊಟ ಮಾಡಿದಿರಾ?"

ಇವರು ಫೋನನ್ನು ಶ್ರೀಮತಿಯವರ ಕೈಗೆ ಕೊಟ್ಟು ಎದ್ದು ಹೋದರು.

ನಾನು ಸಮಾಧಾನ ಹೇಳಲು ಪ್ರಯತ್ನಿಸಿದ್ದುಂಟು. ಇಷ್ಟು ಸಣ್ಣ ವಿಷಯಕ್ಕೆ ದೊಡ್ಡ ದೇಶವೊಂದನ್ನು ಹೀಗೆ ಬಿಡುತ್ತಿರಲಿಲ್ಲ, ಇನ್ನೊಂದು ದಿನ ಬಂದು ನೋಡುತ್ತಿದ್ದರು ಎಂದೆ.

"ಅದ ನೋಡ್ರಿ ಅಕ್ಕಾರ" ಎಂದರು. "ದೊಡ್ಡ ಮಂದಿಗೆ ತಪ್ಪು ಮಾಡ್ಲಿಕ್ಕೂ ಜಾಗಾ ಇರ್ತೈತಿ. ನಮಗ ಇರಲಿಲ್ಲ, ಅದು ನನಗ ಗೊತ್ತಿತ್ತು. ಬೂಟ್ ಹಾಕ್ಕೊಂಡು ಬರಬ್ಯಾಡ್ರಿ ಅಂತ ಮಂದಿಗೆ ಒದರಿ ಒದರಿ, ನಾನ ರೊಕ್ಕ ಹಾಕಿದೆ. ಕೈ ತಾನ ಕಿಸೇಕ್ಕ ಹೋತರಿ. ಒಂದ ಕ್ಷಣ ಸುದ್ದಾ ವಿಚಾರ ಬರಲಿಲ್ಲ."

"ಒಳ್ಳೇದಾಗಲಿ ಅಂತ ತಾನೇ ಮಾಡಿದ್ದು ನೀವು?"

"ಹೌದು. ಅದಕ್ಕ ಸಿಟ್ಟು ಮಾಡ್ಲಿಕ್ಕೂ ಬರವಲ್ದು."

ತಂಡದ ಹೆಸರು ಶ್ರೇಯಾಂಕದಿಂದ ಹೋಯಿತು. ನಾಯಕ ಆಟ ಬಿಟ್ಟು, ರಜೆಯಲ್ಲಿ ಪ್ರವಾಸಿಗರ ಜೀಪು ಓಡಿಸುತ್ತಾನೆಂದು ತಿಳಿದುಬಂದಿದೆ. ಆ ಮುಂದಿನ ಚಳಿಗಾಲದಲ್ಲಿ ಕೆರೆ ಸರಿಯಾಗಿ ಗಟ್ಟಿಯಾಗಲೇ ಇಲ್ಲವಂತೆ. ಇವರು ಅದೇ ಅಂಗಣಕ್ಕೆ ಹೋಗುವುದನ್ನು ಬಿಡಲಿಲ್ಲ, ಆದರೆ ಮಂಜುಗಡ್ಡೆಗೆ ಇಳಿಯಲಿಲ್ಲ. ಮೇಲಿನ ಬೆಂಚಿನಲ್ಲಿ ಕುಳಿತು ಇತರರ ಮಕ್ಕಳು ಆಡುವುದನ್ನು ನೋಡಿ ಬರುತ್ತಿದ್ದರು. ಉಸ್ತುವಾರಿಯವರು ಎಷ್ಟೋ ಸಲ ಕರೆದರಂತೆ. ಕೈ ಎತ್ತಿ ತೋರಿಸಿ ಕುಳಿತೇ ಇರುತ್ತಿದ್ದರಂತೆ. ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಆಫೀಸಿನ ಮೀಟಿಂಗಿನ ನಡುವೆ ಎದೆನೋವೆಂದು ಎದ್ದವರು ಮನೆಗೆ ಬರಲಿಲ್ಲ.

ಈ ಬರಹದ ಕರಡನ್ನು ಫೋನಿನಲ್ಲಿ ಓದಿ ಹೇಳಿದಾಗ ಸಂಚಿಕೆಯ ಯುವಕರು ಒಂದು ಸಲಹೆ ನೀಡಿದರು. "ಆಂಟಿ, ತುಂಬಾ ಸ್ಯಾಡ್ ಆಯ್ತು. ಟೂರ್ನಮೆಂಟು ಪೋಸ್ಟ್‌ಪೋನ್ ಆಯ್ತು ಅಂತ ಹಾಕೋಣ್ವಾ? ಮುಂದೆ ಯಾವಾಗಾದ್ರೂ ಆಗಬಹುದಲ್ಲ, ಸುಳ್ಳೇನೂ ಆಗಲ್ಲ."

ನಾನು ಪಕ್ಕದ ಮನೆಗೆ ಹೋಗಿ ಶ್ರೀಮತಿಯವರನ್ನು ಕೇಳಿದೆ. ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಆಗಲಿಲ್ಲ ಅಂತನ ಬರೀರಿ ಅಕ್ಕಾರ. ಮುಂದ ಹಾಕ್ಯಾರ ಅಂತ ಯಾರರ ಅಂದ್ರ ನಮ್ಮ ಮನಿಯವರು ಎದ್ದು ಹೋಗ್ತಿದ್ರು."

ಆದ್ದರಿಂದ ಓದುಗರಲ್ಲಿ ನನ್ನ ಸವಿನಯ ವಿನಂತಿ ಏನೆಂದರೆ, ಮೇಲಿನ ಬರಹದಲ್ಲಿ ಕಾಗುಣಿತದ, ವಾಕ್ಯರಚನೆಯ ದೋಷಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿಕೊಳ್ಳಬೇಕು; ನನಗೂ ತಿಳಿಸಿದರೆ ಉಪಕಾರವಾಗುತ್ತದೆ. ಪಂದ್ಯಾವಳಿ ನಡೆಯಲಿಲ್ಲ, ನಮ್ಮ ಆಟಗಾರರು ಬರಲಿಲ್ಲ ಎಂಬ ಮಾತನ್ನು ಮಾತ್ರ ಇದ್ದ ಹಾಗೆಯೇ ಬಿಡಬೇಕಾಗಿ ಕೋರುತ್ತೇನೆ. ಅದನ್ನು ನಾನು ಎರಡು ಸಲ ಪರಿಶೀಲಿಸಿದ್ದೇನೆ. ಅದರಲ್ಲಿ ತಪ್ಪಿಲ್ಲ.